ಇಳಿಮಂಚ ವಾಲಿದರೆ ಮೋಟರ್ ಬಿಚ್ಚಬೇಡಿ, ಮೊದಲು ಬೆಲ್ಟ್ ನೋಡಿ

ಕ್ಯಾಂಪರ್ ವ್ಯಾನಿನ, ಅಂದರೆ ಒಳಗೇ ಮಲಗುವ ಏರ್ಪಾಡಿರುವ ಗಾಡಿಯ, ಇಳಿಮಂಚ (ಸೂರಿನಿಂದ ಕೆಳಗಿಳಿಯುವ ಮಂಚ) ಒಂದು ಕಡೆ ವಾಲಿದೆ ಅಂದರೆ ಸಾಕು, ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು "ಮೋಟರ್ ಹೋಗಿರಬೇಕು". ಗ್ಯಾರೇಜಿನವರು ಅದನ್ನೇ ಹೇಳುತ್ತಾರೆ. ಡೊಂಬಿವ್ಲಿಯ ನಮ್ಮ ಭಾವನೂ ಅದನ್ನೇ ಹೇಳಿದರು, ಅದೂ ಫೋನಿನಲ್ಲೇ, ಮಂಚ ನೋಡದೇ. ಸ್ವಲ್ಪ ಯೋಚನೆ ಮಾಡಿ. ಇರುವುದು ಒಂದೇ ಮೋಟರ್. ಅದು ತಿರುಗಿಸುವುದು ಒಂದೇ ಶಾಫ್ಟ್. ಮಂಚದ ನಾಲ್ಕು ಮೂಲೆಯನ್ನು ಎತ್ತಿ ಹಿಡಿಯುವ ನಾಲ್ಕೂ ಬೆಲ್ಟು ಆ ಶಾಫ್ಟಿನ ಮೇಲೇ ಸುತ್ತಿಕೊಳ್ಳುತ್ತವೆ. ಮೋಟರ್ ಕೆಟ್ಟರೆ ನಾಲ್ಕೂ ಮೂಲೆ ಒಟ್ಟಿಗೆ ನಿಲ್ಲಬೇಕು, ಅಲ್ವಾ? ಒಂದೇ ಮೂಲೆ ಜೋತುಬಿದ್ದಿದೆ ಅಂದರೆ ಅದಕ್ಕೂ ಮೋಟರಿಗೂ ಸಂಬಂಧವೇ ಇಲ್ಲ. ದೋಷ ಬೆಲ್ಟಿನಲ್ಲಿದೆ, ರಾಟೆಯಲ್ಲಿದೆ, ಇಲ್ಲಾ ಗಾಡಿ ನಿಂತ ನೆಲದಲ್ಲಿದೆ.

ನಮ್ಮದು ಫೋರ್ಸ್ ಟ್ರಾವೆಲರ್ ಮೇಲೆ ಕಟ್ಟಿಸಿದ ಗಾಡಿ. ಪುಣೆಯಲ್ಲಿದ್ದುಕೊಂಡು ಬೇರೆ ಗಾಡಿ ಯೋಚಿಸುವುದು ಕಷ್ಟ, ಕಂಪನಿ ಆಕುರ್ಡಿಯಲ್ಲೇ ಇದೆ, ಸ್ಪೇರ್ ಬೇಕೆಂದರೆ ನಾನಾ ಪೇಠೆಗೆ ಒಂದು ಸುತ್ತು ಹೋಗಿ ಬಂದರಾಯಿತು. ಹಿಂದುಗಡೆ ಎದುರುಬದುರು ಸೀಟು, ನಡುವೆ ಮಡಚುವ ಮೇಜು, ಅದರ ಮೇಲೆ ಸೂರಿಗೆ ಅಂಟಿಕೊಂಡ ಹಾಗೆ ಮಂಚ. ರಾತ್ರಿ ಬಟನ್ ಒತ್ತಿದರೆ ಇಳಿಯುತ್ತದೆ, ಬೆಳಿಗ್ಗೆ ಏರುತ್ತದೆ. ಮಂಚ ಮೇಲಿದ್ದಾಗ ಅದರ ಕೆಳಗೆ ಕೂತುಕೊಳ್ಳಬಹುದು, ನಿಂತರೆ ಹಣೆಗೆ ಏಟು ಗ್ಯಾರಂಟಿ. ಯುರೋಪಿನಲ್ಲಿ ಇಂಥ ಮಂಚ ಹೊಸದೇನಲ್ಲ. ಅಲ್ಲಿ ಎ-ಕ್ಲಾಸ್ ಅನ್ನುವ ದೊಡ್ಡ ಮೋಟರ್‌ಹೋಮ್‌ಗಳಲ್ಲಿ ಡ್ರೈವರ್ ಸೀಟಿನ ಮೇಲೇ ಒಂದು ಮಂಚ ಇಳಿಯುತ್ತದೆ. ನಮ್ಮ ಮನೆಯಲ್ಲಿ ಗಾಡಿ ಓಡಿಸುವುದು ಯಜಮಾನರು, ಮಂಚದ ಉಸ್ತುವಾರಿ ನನ್ನದು. ಚಾಕಣದ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ದಿನವಿಡೀ ಮಿಲಿಮೀಟರ್ ಅಳೆಯುವವಳಿಗೆ ವಾಲಿದ ಮಂಚದ ಮೇಲೆ ನಿದ್ದೆ ಬರುವುದಿಲ್ಲ, ಅದು ನನ್ನ ಕಾಯಿಲೆ.

ಕೈ ಹಾಕುವ ಮೊದಲು ಒಂದು ಮಾತು. ಫ್ಯೂಸ್ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು, ಮಕ್ಕಳು ಬಂದು ಒತ್ತುತ್ತಾರೆ. ಆಮೇಲೆ ಮಂಚದ ಚೌಕಟ್ಟಿಗೆ ಎರಡೂ ಕಡೆ ಗಟ್ಟಿ ಆಸರೆ ಕೊಡಿ. ನಾನು ಮಂಚದ ಎತ್ತರಕ್ಕೆ ಕೊಯ್ಸಿದ ಎರಡು ದಪ್ಪ ಮರದ ಕಂಬ ಇಟ್ಟುಕೊಂಡಿದ್ದೇನೆ, ಜಾಕ್ ಸ್ಟ್ಯಾಂಡ್ ಇದ್ದರೆ ಇನ್ನೂ ಒಳ್ಳೆಯದು. ಈ ಮಂಚಗಳಲ್ಲಿ ಸಾಮಾನ್ಯವಾಗಿ ವರ್ಮ್ ಗೇರ್ ಇರುತ್ತದೆ (ಮೋಟರ್ ಶಾಫ್ಟನ್ನು ತಿರುಗಿಸಬಹುದು, ಶಾಫ್ಟ್ ಮೋಟರನ್ನು ತಿರುಗಿಸಲಾರದು, ಅಂಥ ಗೇರ್), ಕರೆಂಟು ಹೋದರೂ ಮಂಚ ತಾನಾಗಿ ಜಾರುವುದಿಲ್ಲ. ಅದು ನಿಜ. ಆದರೆ ಗೇರ್ ಹಿಡಿದುಕೊಳ್ಳುವುದು ಶಾಫ್ಟನ್ನು. ಬೆಲ್ಟ್ ಹರಿದರೆ ಅದು ಏನೂ ಮಾಡಲಾರದು, ಕೆಳಗೆ ನಿಮ್ಮ ತಲೆ ಇರುತ್ತದೆ.

ಈಗ ನೆಲದ ವಿಷಯ. ಗೋವಾದಲ್ಲಿ ಅಗೋಂದ ಬೀಚಿನ ಹತ್ತಿರ ತೆಂಗಿನ ತೋಟದಲ್ಲಿ ಗಾಡಿ ನಿಲ್ಲಿಸಿದಾಗ ಮಂಚ ತಲೆ ಕಡೆ ಇಳಿದ ಹಾಗೆ ಕಂಡಿತು. ಸಿಂಕಿನಲ್ಲಿ ನೀರು ಬಿಟ್ಟು ನೋಡಿದರೆ ಅದೂ ಅದೇ ಕಡೆ ನಿಂತಿತ್ತು. ಅಂದರೆ ವಾಲಿದ್ದು ಗಾಡಿ, ಮಂಚ ಅಲ್ಲ. ಇಂಥ ಕಡೆ ಬೆಲ್ಟ್ ಸರಿಮಾಡಲು ಕೂತರೆ ಮನೆಗೆ ಬಂದ ಮೇಲೆ ಇನ್ನೊಂದು ಕಡೆ ವಾಲುತ್ತದೆ. ಹಾಗಾಗಿ ಮಂಚದ ಕೆಲಸ ಏನಿದ್ದರೂ ಸಮತಟ್ಟಾದ ಜಾಗದಲ್ಲಿ, ಟೈರಿನ ಗಾಳಿ ಸರಿ ಇದ್ದಾಗ. ನೆಲದ ಮೇಲೆ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ, ಬೇಕಾದ ಚಕ್ರದ ಕೆಳಗೆ ಹಲಗೆ ಹಾಕಿ. ಫೋನಿನ ಆ್ಯಪ್ ಅಂದಾಜಿಗೆ ಪರವಾಗಿಲ್ಲ, ಆದರೆ ಹಿಂದೆ ಕ್ಯಾಮೆರಾ ಉಬ್ಬಿರುವ ಫೋನನ್ನು ಮಲಗಿಸಿಟ್ಟರೆ ಅದೇ ಸುಳ್ಳು ಹೇಳುತ್ತದೆ.

ಗಾಡಿ ಮಟ್ಟಕ್ಕೆ ಬಂತು. ಇನ್ನು ಅಳತೆ. ಇಲ್ಲಿ ಆತುರ ಬೇಡ, ಯಾಕೆಂದರೆ ರೋಗ ಯಾವುದು ಅಂತ ಗೊತ್ತಾಗುವುದೇ ಇಲ್ಲಿ. ಮಂಚವನ್ನು ಪೂರ್ತಿ ಮೇಲೆ, ಅರ್ಧಕ್ಕೆ, ಮತ್ತು ಕೆಳಗೆ ತಾಗುವುದಕ್ಕೆ ಸ್ವಲ್ಪ ಮುಂಚೆ, ಹೀಗೆ ಮೂರು ಎತ್ತರದಲ್ಲಿ ನಿಲ್ಲಿಸಿ. ಪ್ರತಿ ಸಲವೂ ನಾಲ್ಕು ಮೂಲೆಯಿಂದ ಸೂರಿನ ಕಬ್ಬಿಣದ ಚೌಕಟ್ಟಿಗೆ ಟೇಪು ಹಿಡಿದು ಬರೆದುಕೊಳ್ಳಿ. ಸೂರಿನ ಒಳಹೊದಿಕೆಗೆ ಹಿಡಿಯಬೇಡಿ, ಅದು ಎಲ್ಲೂ ನೆಟ್ಟಗಿರುವುದಿಲ್ಲ. ಈ ಹನ್ನೆರಡು ಅಂಕಿ ಮುಂದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಒಂದು ಮೂಲೆ ಮೂರು ಎತ್ತರದಲ್ಲೂ ಒಂದೇ ಅಳತೆಯಷ್ಟು ಕೆಳಗಿದೆ ಅನ್ನಿ, ಉದಾಹರಣೆಗೆ ಎಲ್ಲ ಕಡೆ 8 ಮಿಲಿಮೀಟರ್. ಆ ಬೆಲ್ಟು 8 ಮಿಲಿಮೀಟರ್ ಉದ್ದವಾಗಿದೆ, ಅಷ್ಟೇ. ಇದು ಸುಲಭದ್ದು, ಪಾನಾ ಹಿಡಿದು ಸರಿಮಾಡಬಹುದು.

ಕೆಳಗಿದ್ದಾಗ ಸರಿ ಇದ್ದು ಮೇಲೇರುತ್ತಾ ಏರುತ್ತಾ ಓರೆ ಜಾಸ್ತಿ ಆಗುತ್ತಿದ್ದರೆ ಕಥೆ ಬೇರೆ. ಬೆಲ್ಟು ಶಾಫ್ಟಿನ ಸುರುಳಿಯ ಮೇಲೆ ಪದರ ಪದರವಾಗಿ ಸುತ್ತುತ್ತದೆ, ಅಂದರೆ ಸುತ್ತಿದಷ್ಟೂ ಸುರುಳಿ ದಪ್ಪವಾಗುತ್ತದೆ. ನಮ್ಮ ಬೆಲ್ಟ್ 2 ಮಿಲಿಮೀಟರ್ ದಪ್ಪ. ಒಂದು ಸುರುಳಿಯಲ್ಲಿ ಒಂದೇ ಒಂದು ಪದರ ಹೆಚ್ಚಿದ್ದರೂ, ಅಥವಾ ಬೆಲ್ಟಿನ ಅಂಚು ಒಂದು ಕಡೆ ಮಡಚಿಕೊಂಡು ಸುತ್ತಿದ್ದರೂ, ಆ ಮೂಲೆ ಶಾಫ್ಟಿನ ಪ್ರತಿ ಸುತ್ತಿಗೂ 12.5 ಮಿಲಿಮೀಟರಿನಷ್ಟು ಜಾಸ್ತಿ ಎಳೆದುಕೊಳ್ಳುತ್ತದೆ. ನಾಲ್ಕು ಸುತ್ತಿಗೆ ಎರಡು ಇಂಚು ಆಯಿತು! ಇದನ್ನು ಬೋಲ್ಟ್ ತಿರುಗಿಸಿ ಸರಿಮಾಡಲು ಹೋದರೆ ಮೇಲೆ ಮಟ್ಟವಾಗಿ ಕೆಳಗೆ ಓರೆಯಾಗುತ್ತದೆ, ಕೆಳಗೆ ಮಟ್ಟ ಮಾಡಿದರೆ ಮೇಲೆ. ಬೋಲ್ಟ್ ಬಿಟ್ಟುಬಿಡಿ. ಮಂಚವನ್ನು ಆಸರೆಯ ಮೇಲೆ ಕೂರಿಸಿ, ಬೆಲ್ಟು ಸಡಿಲವಾಗುವವರೆಗೆ ಇಳಿಸಿ, ಆ ಸುರುಳಿಯನ್ನು ಕೈಯಿಂದ ಬಿಚ್ಚಿ, ನೇರವಾಗಿ ಮತ್ತೆ ಸುತ್ತಬೇಕು. ನಾಲ್ಕೂ ಬೆಲ್ಟಿಗೆ ಸುರುಳಿಯಿಂದ ಸಮ ದೂರದಲ್ಲಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಮುಂದೆ ಯಾವಾಗ ಅನುಮಾನ ಬಂದರೂ ಟಾರ್ಚ್ ಬಿಟ್ಟು ಗೆರೆ ನೋಡಿದರೆ ಸಾಕು.

ಮೂರನೆಯದು: ಮಂಚ ನಿಂತಿದ್ದಾಗ ಸರಿ, ಏರುವಾಗ ಒಂದು ಮೂಲೆ ತಡೆದು ಟಕ್ ಅಂತ ಜಿಗಿಯುತ್ತದೆ. ಅದು ಬೆಲ್ಟಲ್ಲ, ಪಕ್ಕದ ಹಳಿಯಲ್ಲಿ ಸರಿಯುವ ನೈಲಾನ್ ಗಟ್ಟಿಗಳು ಸಿಕ್ಕಿಕೊಳ್ಳುತ್ತಿವೆ. ಪುಣೆಯ ಧೂಳು ನಿಮಗೆ ಗೊತ್ತೇ ಇದೆ. ಹಳಿಗೆ ಗ್ರೀಸ್ ಬಳಿದರೆ ಧೂಳು ಅಲ್ಲೇ ಕೂತು ಅರೆಯುವ ಪೇಸ್ಟ್ ಆಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಒಣ ಟೆಫ್ಲಾನ್ ಸ್ಪ್ರೇ ತೆಳ್ಳಗೆ ಹೊಡೆಯಿರಿ. ಬೆಲ್ಟಿನ ಮೇಲೆ ಬೀಳದ ಹಾಗೆ ರಟ್ಟು ಅಡ್ಡ ಹಿಡಿಯಿರಿ.

ಇನ್ನು ಬೋಲ್ಟಿನ ಕೆಲಸ. ನಮ್ಮ ಗಾಡಿಯಲ್ಲಿ ಪ್ರತಿ ಬೆಲ್ಟಿನ ತುದಿ ಸೂರಿನ ಚೌಕಟ್ಟಿನಲ್ಲಿ ಒಂದು ಎಂ8 ಐ-ಬೋಲ್ಟಿಗೆ (8 ಮಿಲಿಮೀಟರ್ ದಪ್ಪದ, ತುದಿಯಲ್ಲಿ ಬಳೆಯಂಥ ಕಣ್ಣಿರುವ ಬೋಲ್ಟು) ಸಿಕ್ಕಿಸಿದೆ, ಮೇಲೆ ಎರಡು ನಟ್, ಒಂದು ಹೊಂದಿಸುವುದಕ್ಕೆ, ಇನ್ನೊಂದು ಅದನ್ನು ಬಿಗಿ ಹಿಡಿಯುವುದಕ್ಕೆ. ಎಂ8 ಬೋಲ್ಟಿನಲ್ಲಿ ಎಳೆಯಿಂದ ಎಳೆಗೆ ಸಾಮಾನ್ಯ ಅಂತರ 1.25 ಮಿಲಿಮೀಟರ್. ಅಂದರೆ ನಟ್ ಒಂದು ಪೂರ್ತಿ ಸುತ್ತು ತಿರುಗಿಸಿದರೆ ಮೂಲೆ 1.25 ಮಿಲಿಮೀಟರ್ ಏರುತ್ತದೆ ಅಥವಾ ಇಳಿಯುತ್ತದೆ. 5 ಮಿಲಿಮೀಟರ್ ಬೇಕಿದ್ದರೆ ನಾಲ್ಕು ಸುತ್ತು. ಲೆಕ್ಕ ಇಷ್ಟು ಸುಲಭ ಇರುವಾಗ "ಇನ್ನೊಂಚೂರು, ಇನ್ನೊಂಚೂರು" ಅಂತ ಅಂದಾಜಿನಲ್ಲಿ ತಿರುಗಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತಿರುಗಿಸುವ ಮುಂಚೆ ಆ ಮೂಲೆಯ ಭಾರ ಆಸರೆಯ ಮೇಲಿರಲಿ, ಇಲ್ಲದಿದ್ದರೆ ನಟ್ ಬಿಗಿಯಾಗಿ ಎಳೆ ಕೆಡುತ್ತದೆ. ಬೆಲ್ಟ್ ತಿರುಚಿಕೊಳ್ಳದ ಹಾಗೆ ಐ-ಬೋಲ್ಟಿನ ಕಣ್ಣನ್ನು ಇನ್ನೊಂದು ಪಾನಾದಿಂದ ಹಿಡಿದುಕೊಳ್ಳಿ.

ಯಾವ ಮೂಲೆಯಿಂದ ಶುರು ಮಾಡಬೇಕು? ಮೇಲೆ ಮಂಚವನ್ನು ನಿಲ್ಲಿಸುವ ಪುಟ್ಟ ಸ್ವಿಚ್ ಒಂದು ಮೂಲೆಯಲ್ಲಿರುತ್ತದೆ. ಆ ಮೂಲೆಯನ್ನು ಮುಟ್ಟಬೇಡಿ. ಅದನ್ನು ಮುಟ್ಟಿದರೆ ಮಂಚ ನಿಲ್ಲುವ ಜಾಗವೇ ಬದಲಾಗುತ್ತದೆ, ಆಮೇಲೆ ಮಂಚವನ್ನು ಮೇಲೆ ಹಿಡಿದಿಡುವ ಲಾಕ್ ಕೂರುವುದಿಲ್ಲ, ಒಂದಕ್ಕೊಂದು ಬೆಳೆಯುತ್ತದೆ. ಅದನ್ನೇ ಆಧಾರ ಮಾಡಿಕೊಂಡು ಉಳಿದ ಮೂರನ್ನು ಅದರ ಮಟ್ಟಕ್ಕೆ ತನ್ನಿ.

ನಾಲ್ಕನೆಯ ಬೆಲ್ಟಿನದು ಒಂದು ತಂಟೆ ಇದೆ. ನಾಲ್ಕು ಕಾಲಿನ ಮೇಜು ಕುಂಟುತ್ತದಲ್ಲ, ಹಾಗೇ ಇದೂ. ಮೂರು ಬೆಲ್ಟ್ ಬಿಗಿ ಇದ್ದರೆ ಮಂಚ ಮಟ್ಟವಾಗಿಯೇ ನಿಲ್ಲುತ್ತದೆ, ನಾಲ್ಕನೆಯದು ಸುಮ್ನೆ ಜೋತಾಡುತ್ತಿದ್ದರೂ ರಸಮಟ್ಟ "ಎಲ್ಲ ಸರಿ" ಅನ್ನುತ್ತದೆ. ಆದರೆ ಭಾರವೆಲ್ಲ ಮೂರರ ಮೇಲೆ, ಅದರಲ್ಲೂ ಎದುರುಬದುರು ಮೂಲೆಯ ಎರಡರ ಮೇಲೆ ಜಾಸ್ತಿ ಬೀಳುತ್ತಿರುತ್ತದೆ. ಒಂದು ವರ್ಷ ಕಳೆದ ಮೇಲೆ ಆ ಎರಡು ಬೆಲ್ಟು ಮೊದಲು ಸವೆಯುತ್ತವೆ. ಅದಕ್ಕೆ ಮಟ್ಟ ಬಂದ ಮೇಲೆ ಆಸರೆ ತೆಗೆದು, ಮಂಚ ತೂಗುತ್ತಿರುವಾಗ, ನಾಲ್ಕೂ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ನಾಲ್ಕೂ ಒಂದೇ ಥರ ಬಗ್ಗಬೇಕು. ಸಡಿಲ ಇರುವುದನ್ನು ಅರ್ಧ ಅರ್ಧ ಸುತ್ತು ಬಿಗಿ ಮಾಡಿ. ನಂತರ ಎರಡನೆಯ ನಟ್ ಬಿಗಿದು, ನಟ್ ಮತ್ತು ಚೌಕಟ್ಟಿನ ಮೇಲೆ ಅಡ್ಡಲಾಗಿ ಒಂದು ಪೇಂಟ್ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ಜಾರಿದೆ ಅಂತ ಅರ್ಥ. ನಮ್ಮ ಕಾರ್ಖಾನೆಯಲ್ಲಿ ಪ್ರತಿ ಮುಖ್ಯ ಬೋಲ್ಟಿಗೂ ಇದನ್ನೇ ಮಾಡುತ್ತೇವೆ.

ಹೊಂದಿಸಿದ್ದು ಮತ್ತೆ ಮತ್ತೆ ಜಾರುತ್ತಿದೆ, ನಟ್ ಗೆರೆ ಮಾತ್ರ ಅಲ್ಲಾಡಿಲ್ಲ ಅಂದರೆ ಬೆಲ್ಟೇ ಉದ್ದವಾಗುತ್ತಿದೆ. ನಮಗೆ ಆಗಿದ್ದೂ ಅದೇ. ಗಾಡಿ ಕಟ್ಟಿಕೊಟ್ಟವರು ಹಾಕಿದ್ದು ನೈಲಾನ್ ಪಟ್ಟಿ. ಗೊತ್ತಾಗಿದ್ದು ಹೇಗೆಂದರೆ, ಭೋಸರಿಯಲ್ಲಿ ಒಬ್ಬ ಫ್ಯಾಬ್ರಿಕೇಟರ್ ಇದ್ದಾರೆ, ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಕಡಿಮೆ ಮಾತಿನ ಮನುಷ್ಯ. ಗಾಡಿಯೊಳಗೆ ಬಂದು, ಬೆಲ್ಟನ್ನು ಎರಡು ಬೆರಳಲ್ಲಿ ಜಗ್ಗಿ ಬಿಟ್ಟು, "ಅಕ್ಕಾರ, ಮೋಟರ್ ಛಲೋ ಐತ್ರಿ. ಪಟ್ಟಿ ಜಗ್ಗೇತಿ ನೋಡ್ರಿ" ಅಂದರು. ಅಷ್ಟೇ ತಪಾಸಣೆ. ಮೋಟರ್ ಬದಲಿಸಲು ಬೇರೆ ಕಡೆ ಕೊಟ್ಟ ಕೊಟೇಶನ್ನು ಇನ್ನೂ ನನ್ನ ಫೋನಿನಲ್ಲಿದೆ, ಆಗಾಗ ನೋಡಿ ನಗುತ್ತೇನೆ.

ನೈಲಾನ್ ಬಲವಾದದ್ದೇ, ಆದರೆ ಅದು ನೀರು ಹೀರುತ್ತದೆ, ಭಾರ ಬಿದ್ದಾಗ ಚೆನ್ನಾಗಿ ಹಿಗ್ಗುತ್ತದೆ. ಬೆಟ್ಟ ಹತ್ತುವವರ ಹಗ್ಗಕ್ಕೆ ಆ ಗುಣ ಬೇಕು, ನಮ್ಮ ಮಂಚಕ್ಕೆ ಬೇಡ. ಕೊಂಕಣದ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಪಾಲಿಯೆಸ್ಟರ್ ಕಡಿಮೆ ಹಿಗ್ಗುತ್ತದೆ, ಒದ್ದೆಯಾದರೂ ಹೆಚ್ಚು ವ್ಯತ್ಯಾಸ ಇಲ್ಲ. ಕೊಳ್ಳುವಾಗ ಗುರುತು ಹಿಡಿಯುವುದು ಹೇಗೆ? ಲಾರಿ ಸಾಮಾನು ಕಟ್ಟುವ ಒಳ್ಳೆಯ ಲ್ಯಾಶಿಂಗ್ ಬೆಲ್ಟುಗಳಿಗೆ ಯುರೋಪಿನ ನಿಯಮದ ಪ್ರಕಾರ ಲೇಬಲ್ ಬಣ್ಣ ಇರುತ್ತದೆ: ನೀಲಿ ಅಂದರೆ ಪಾಲಿಯೆಸ್ಟರ್, ಹಸಿರು ಅಂದರೆ ನೈಲಾನ್ ಜಾತಿ, ಕಂದು ಅಂದರೆ ಪಾಲಿಪ್ರೊಪಿಲೀನ್. ಬೆಲ್ಟಿನ ಬಣ್ಣ ಅಲ್ಲ, ಲೇಬಲ್ಲಿನ ಬಣ್ಣ. ಲೇಬಲ್ಲೇ ಇಲ್ಲದ ಪಟ್ಟಿಯನ್ನು ಮೀಟರ್ ಲೆಕ್ಕದಲ್ಲಿ ಕೊಡುವ ಅಂಗಡಿಯಲ್ಲಿ ಚೌಕಾಸಿ ಮಾಡಿ ಉಳಿಸುವ ಇನ್ನೂರು ರೂಪಾಯಿ ನನಗೆ ಬೇಡ. ನಾಲ್ಕನ್ನೂ ಒಟ್ಟಿಗೆ, ಒಂದೇ ಉಂಡೆಯಿಂದ ಕೊಯ್ಸಿ. ಮೂರು ಹಳೆಯದು ಒಂದು ಹೊಸದು ಅಂದರೆ ಮತ್ತೆ ಅದೇ ಓರೆಯ ಕಥೆ.

ತುದಿಗೆ ಗಂಟು ಹಾಕಬೇಡಿ. ಗಂಟು ಬಿದ್ದ ಜಾಗದಲ್ಲಿ ಬೆಲ್ಟಿನ ಬಲ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ತುದಿಯನ್ನು ಮಡಚಿ, ಚೌಕ ಹೊಲಿಗೆ ಹಾಕಿ ಅದರೊಳಗೆ ಅಡ್ಡಡ್ಡ ಗೆರೆ ಹೊಲಿಸಬೇಕು, ದಾರವೂ ಪಾಲಿಯೆಸ್ಟರ್ ಆಗಿರಬೇಕು. ಗಾಡಿ ಸೀಟಿನ ಕವರ್ ಹೊಲಿಯುವವರ ಹತ್ತಿರ ಇದಕ್ಕೆ ತಕ್ಕ ದಪ್ಪ ಮಷೀನ್ ಇರುತ್ತದೆ, ಮನೆಯ ಹೊಲಿಗೆ ಯಂತ್ರದ ಸೂಜಿ ಮುರಿಯುತ್ತದೆ ಅಷ್ಟೇ. ಕೊಳೆಯಾದರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ನೆರಳಲ್ಲಿ ಒಣಗಿಸುವುದು. ಅಂಚಿನಲ್ಲಿ ಹತ್ತಿಯ ಹಾಗೆ ಬಿಳಿ ನವಿರು ಎದ್ದಿದ್ದರೆ, ಹೊಲಿಗೆ ಬಿಟ್ಟಿದ್ದರೆ ಬೆಲ್ಟ್ ಬದಲಿಸಿ. ಎಲ್ಲೋ ಒಂದು ಕಡೆ ಬೆಲ್ಟ್ ಹೊಳೆಯುತ್ತಾ ಬಿರುಸಾಗಿದ್ದರೆ, ಅಲ್ಲಿ ರಾಟೆ ತಿರುಗದೆ ಉಜ್ಜುತ್ತಿದೆ. ಬೆಲ್ಟ್ ಬದಲಿಸುವ ದಿನ ರಾಟೆಯನ್ನೂ ಬಿಚ್ಚಿ ನೋಡಿ.

ಸ್ವಿಚ್ಚುಗಳ ಬಗ್ಗೆ ಸ್ವಲ್ಪ. ಮೇಲೆ ಒಂದು, ಕೆಳಗೆ ಒಂದು ಇರುತ್ತವೆ. ಮೇಲಿನದು ಕೈಕೊಟ್ಟರೆ ಮೋಟರ್ ಎಳೆಯುತ್ತಲೇ ಇರುತ್ತದೆ, ಒಂದೋ ಫ್ಯೂಸ್ ಹೋಗುತ್ತದೆ, ಇಲ್ಲಾ ಐ-ಬೋಲ್ಟು ಸೀಳುತ್ತದೆ. ಕೆಳಗಿನದು ಕೈಕೊಟ್ಟಾಗ ಆಗುವುದು ಇನ್ನೂ ಮಜಾ. ಬೆಲ್ಟೆಲ್ಲ ಬಿಚ್ಚಿ ಮುಗಿದ ಮೇಲೂ ಶಾಫ್ಟ್ ತಿರುಗುತ್ತಿದ್ದರೆ ಬೆಲ್ಟು ಉಲ್ಟಾ ಸುತ್ತಲು ಶುರುವಾಗುತ್ತದೆ. ಇಳಿಸುವ ಬಟನ್ ಒತ್ತಿದರೆ ಮಂಚ ಏರುತ್ತದೆ, ಏರಿಸುವ ಬಟನ್ ಒತ್ತಿದರೆ ಇಳಿಯುತ್ತದೆ! ವೈರ್ ಅದಲುಬದಲಾಗಿದೆ ಅಂತ ಎಲೆಕ್ಟ್ರಿಷಿಯನ್ ಕರೆಯುವ ಮುಂಚೆ ಸುರುಳಿ ನೋಡಿ. ಮಂಚ ಪೂರ್ತಿ ಕೆಳಗಿದ್ದಾಗಲೂ ಸುರುಳಿಯ ಮೇಲೆ ಕಡಿಮೆ ಅಂದರೆ ಎರಡು ಸುತ್ತು ಬೆಲ್ಟ್ ಉಳಿಯುವ ಹಾಗೆ ಕೆಳಗಿನ ಸ್ವಿಚ್ಚನ್ನು ಹೊಂದಿಸಿ. ಪರೀಕ್ಷೆ ಸುಲಭ: ಮಂಚ ನಡುವೆ ಏರುತ್ತಿರುವಾಗ ಮೇಲಿನ ಸ್ವಿಚ್ಚಿನ ನಾಲಿಗೆಯನ್ನು ಮರದ ಕಡ್ಡಿಯಿಂದ ಒತ್ತಿ. ತಕ್ಷಣ ನಿಲ್ಲಬೇಕು. ಇಳಿಯುವಾಗ ಕೆಳಗಿನದಕ್ಕೂ ಹಾಗೇ.

ಮಂಚ ಮಟ್ಟವಾಗಿದೆ, ಆದರೆ ಏರುವಾಗ ಗೊರಗೊರ ಅನ್ನುತ್ತಾ ನಿಧಾನ. ಇಲ್ಲೂ ಮೋಟರನ್ನು ಬೈಯುವ ಮೊದಲು ಮೀಟರ್ ಹಿಡಿಯಿರಿ. ತುಂಬಿದ ಲೆಡ್ ಆ್ಯಸಿಡ್ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ಆ ಅಂಕಿ ನೋಡಿ ಖುಷಿಪಟ್ಟರೆ ಸಾಲದು, ಮಂಚ ಏರುತ್ತಿರುವಾಗ ಮೋಟರಿನ ಎರಡು ತುದಿಯಲ್ಲಿ ಅಳೆಯಬೇಕು. ನಮ್ಮ ಬ್ಯಾಟರಿ ಮುಂದಿನ ಸೀಟಿನ ಕೆಳಗೆ, ಮೋಟರ್ ಹಿಂದೆ, ವೈರ್ ಹೋಗುವುದು 6 ಮೀಟರ್, ವಾಪಸ್ ಬರುವುದು 6 ಮೀಟರ್. ಹಾಕಿದ್ದು ಮನೆಯ ಪ್ಲಗ್ ಪಾಯಿಂಟಿಗೆ ಹಾಕುವ ಎರಡೂವರೆ ಎಂಎಂ ವೈರ್. ಮೋಟರ್ 15 ಆಂಪಿಯರ್ ಎಳೆದರೆ ಆ ವೈರಿನಲ್ಲೇ ಸುಮಾರು 1.3 ವೋಲ್ಟ್ ಕಳೆದುಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ, 12 ವೋಲ್ಟಿನಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ. 6 ಎಂಎಂ ವೈರ್ ಹಾಕಿದರೆ ನಷ್ಟ ಅರ್ಧ ವೋಲ್ಟಿನ ಹತ್ತಿರ ಬರುತ್ತದೆ. ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ಒಂದು ಮಧ್ಯಾಹ್ನ ಕಳೆದರೆ ವೈರು, ಲಗ್ಗು, ಫ್ಯೂಸ್ ಹೋಲ್ಡರ್ ಎಲ್ಲ ಸಿಗುತ್ತದೆ, ಪಾರ್ಕಿಂಗ್ ಮಾತ್ರ ಸಿಗುವುದಿಲ್ಲ.

ಡೊಂಬಿವ್ಲಿ ಭಾವನ ಗಾಡಿಯಲ್ಲಿ ಮೋಟರೇ ಇಲ್ಲ. ಕೈಯಿಂದ ಎಳೆದರೆ ಇಳಿಯುವ ಮಂಚ, ಎರಡು ಕಡೆ ಗ್ಯಾಸ್ ಸ್ಟ್ರಟ್, ಕಾರಿನ ಡಿಕ್ಕಿ ಎತ್ತಿ ಹಿಡಿಯುತ್ತವಲ್ಲ ಅಂಥವು. ಅವರ ದೂರು ಏನೆಂದರೆ, ಮಹಾಬಳೇಶ್ವರದಲ್ಲಿ ಬೆಳಿಗ್ಗೆ ಮಂಚ ಎತ್ತಲು ಭಾರ, ಮುಂಬೈಯಲ್ಲಿ ಹಗುರ. ಅದು ಅವರ ಭ್ರಮೆ ಅಲ್ಲ. ಒಳಗಿರುವುದು ನೈಟ್ರೋಜನ್, ಚಳಿಗೆ ಒತ್ತಡ ಇಳಿಯುತ್ತದೆ. 30 ಡಿಗ್ರಿಯಿಂದ 10 ಡಿಗ್ರಿಗೆ ಬಂದರೆ ಬಲ ನೂರಕ್ಕೆ ಏಳರಷ್ಟು ಕಡಿಮೆ. ಸ್ಟ್ರಟ್ಟಿನ ಮೈಮೇಲೆ ನ್ಯೂಟನ್ ಲೆಕ್ಕ ಮುದ್ರಿಸಿರುತ್ತಾರೆ, 400 ಅಂದರೆ ಸುಮಾರು 40 ಕೆಜಿ ಎತ್ತುವ ಬಲ. ಬದಲಿಸುವಾಗ ಅದೇ ಅಂಕಿಯದು ತನ್ನಿ, ಜೋಡಿಯಾಗಿ ತನ್ನಿ. ಒಂದನ್ನೇ ಬದಲಿಸಿದರೆ ಮಂಚ ತಿರುಚಿಕೊಂಡು ಏರುತ್ತದೆ. ಮಂಚ ಹೆಚ್ಚು ಹೊತ್ತು ಇರುವ ಭಂಗಿಯಲ್ಲಿ ಕಡ್ಡಿ ಕೆಳಮುಖವಾಗಿದ್ದರೆ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಬಾಳಿಕೆ ಬರುತ್ತದೆ. ಹಳೆಯದನ್ನು ಕೊಯ್ಯಬೇಡಿ, ತೂತು ಮಾಡಬೇಡಿ, ಒಳಗೆ ಒತ್ತಡ ಇನ್ನೂ ಇರುತ್ತದೆ.

ತೂಕದ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಮ್ಮ ಮಂಚದ ಗಾದಿ 1.9 ಮೀಟರ್ ಉದ್ದ, 1.2 ಅಗಲ, ನಾಲ್ಕು ಇಂಚು ದಪ್ಪ. 32 ಡೆನ್ಸಿಟಿ (ಘನ ಮೀಟರಿಗೆ 32 ಕೆಜಿ) ಫೋಮ್ ಆದರೆ ಏಳೂಕಾಲು ಕೆಜಿ. ಅದೇ ಅಳತೆಯ ನಾರಿನ ಗಾದಿ, 90 ಡೆನ್ಸಿಟಿಯದು, ಇಪ್ಪತ್ತು ಕೆಜಿ ದಾಟುತ್ತದೆ. ಧಾರವಾಡದಿಂದ ಅವ್ವ ಬಂದಾಗ ತಂದ ಕೌದಿಗಳನ್ನು ಗಾದಿಯ ಮೇಲೆ ಹಾಸಿ, ಅದರ ಮೇಲೆ ದಿಂಬು, ಅದರ ಮೇಲೆ ಮಕ್ಕಳ ಸ್ಕೂಲ್ ಬ್ಯಾಗು, ಹಾಗೇ ಮಂಚ ಏರಿಸುವ ಬಟನ್ ಒತ್ತಿದರೆ ಮೋಟರ್ ಏನು ಮಾಡಬೇಕು? "ಏರತೈತಿ ಬಿಡವಾ" ಅಂದರು ಅವ್ವ. ಏರಿತು ಕೂಡ. ಆದರೆ ಮೇಲೆ ಹೋಗಿ ಕೌದಿಯ ದಪ್ಪಕ್ಕೆ ಸೂರು ತಾಗಿ, ಸ್ವಿಚ್ ಮುಟ್ಟುವ ಮುಂಚೆಯೇ ಫ್ಯೂಸ್ ಹೋಯಿತು. ಈಗ ಕೌದಿ ಸೀಟಿನ ಮೇಲೆ ಇರುತ್ತದೆ, ಅವ್ವ ಅದರ ಮೇಲೆ ಕೂತಿರುತ್ತಾರೆ. ಮಲಗಿದವರ ಭಾರ ಬೇರೆ ವಿಷಯ. ನಮ್ಮಲ್ಲಿ ಮಂಚ ಇಳಿದ ಮೇಲೆ ಗೋಡೆಗೆ ಬೆಸೆದ ನಾಲ್ಕು ಬ್ರಾಕೆಟ್ಟಿನ ಮೇಲೆ ಕೂರುತ್ತದೆ, ಬೆಲ್ಟಿನ ಮೇಲೆ ಆ ಭಾರ ಬೀಳುವುದಿಲ್ಲ. ಹೊಸದಾಗಿ ಕಟ್ಟಿಸುವವರು ಇದನ್ನು ಕೇಳಿ ಮಾಡಿಸಿಕೊಳ್ಳಿ. ಮಕ್ಕಳನ್ನು ಮೇಲೆ ಕೂರಿಸಿ ಲಿಫ್ಟ್ ಆಟ ಆಡಿಸುವವರ ಹತ್ತಿರ ನನಗೆ ಮಾತಿಲ್ಲ.

ಮಳೆಗಾಲದಲ್ಲಿ ಗಾಡಿ ನಿಗಡಿಯ ಸೊಸೈಟಿಯಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ. ಆಗ ಮಂಚ ಮೇಲೆ ಬಿಟ್ಟರೆ ಗಾದಿ ಮತ್ತು ಸೂರಿನ ನಡುವೆ ಗಾಳಿಯೇ ಆಡುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಕೆಳಗಿಳಿಸಿ ಬ್ರಾಕೆಟ್ ಮೇಲೆ ಕೂರಿಸಿಬಿಡಿ, ಬೆಲ್ಟಿಗೂ ವಿಶ್ರಾಂತಿ. ಗಾದಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಪ್ಲೈವುಡ್ಡಿನ ಮೇಲೆ ನೇರ ಗಾದಿ ಹಾಸಿದ್ದರೆ ಕೆಳಗೆ ತೂತು ಕೊರೆಸಿ, ಇಲ್ಲವೇ ಮರದ ಪಟ್ಟಿ ಹಾಕಿಸಿ, ಮಲಗಿದವರ ಬೆವರಿನ ಪಸೆ ಎಲ್ಲಾದರೂ ಹೋಗಬೇಕಲ್ಲ.

ಗೋವಾ ಕಡೆ ಜಾಸ್ತಿ ಓಡಾಡುವವರಿಗೆ ಉಪ್ಪುಗಾಳಿಯ ಕಾಟ. ಜಿಂಕ್ ಲೇಪಿಸಿದ ಬೋಲ್ಟು ಸಮುದ್ರದ ಹತ್ತಿರ ಬೇಗ ಕೆಂಪಾಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು, 316 ಇನ್ನೂ ಒಳ್ಳೆಯದು. ಆದರೆ ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕಿ ಒಣದಾಗಿಯೇ ಬಿಗಿದರೆ ಎರಡೂ ಕಚ್ಚಿಕೊಂಡು ಬೆಸೆದ ಹಾಗಾಗುತ್ತವೆ, ಆಮೇಲೆ ಕೊಯ್ಯುವುದೊಂದೇ ದಾರಿ. ಎಳೆಗೆ ಸ್ವಲ್ಪ ಆ್ಯಂಟಿ-ಸೀಜ್ (ಕಚ್ಚಿಕೊಳ್ಳದ ಹಾಗೆ ತಡೆಯುವ ಪೇಸ್ಟ್) ಹಚ್ಚಿ, ನಿಧಾನವಾಗಿ ಬಿಗಿಯಿರಿ. ಪುಣೆಯ ಬೋಹ್ರಿ ಆಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಬಿಡಿಯಾಗಿಯೂ ಕೊಡುತ್ತಾರೆ.

ಕಾನೂನಿನ ಬಗ್ಗೆ ಕೇಳುವವರಿಗೆ ಇಷ್ಟೇ: ಬೆಲ್ಟು, ಬೋಲ್ಟು, ಸ್ವಿಚ್ಚು ಬದಲಿಸುವುದು ರಿಪೇರಿ. ಸಾಮಾನ್ಯ ಗಾಡಿಯೊಳಗೆ ಹೊಸದಾಗಿ ಇಳಿಮಂಚ ಕೂರಿಸುವುದು ಬೇರೆ ಮಾತು, ಗಾಡಿಯ ರಚನೆ ಬದಲಿಸುವುದಕ್ಕೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಲ್ಲಿ ಅಡ್ಡ ಬರುತ್ತದೆ. ಕಾರವಾನ್‌ಗಳಿಗೆ ಎಐಎಸ್-124 ಅಂತ ಪ್ರತ್ಯೇಕ ಮಾನದಂಡವೇ ಇದೆ. ಕಟ್ಟುವವರನ್ನು ಆರಿಸುವಾಗ ಅದರ ಕಾಗದ ತೋರಿಸಿ ಅನ್ನಿ, ಮಾತು ತಿರುಗಿಸಿದರೆ ಬೇರೆಯವರನ್ನು ಹುಡುಕಿ.

ಹೊರಡುವ ಮುಂಚೆ ಮೇಲಿನ ಲಾಕ್ ಕೂತಿದೆಯೇ ಅಂತ ಕೈಯಿಂದ ಜಗ್ಗಿ ನೋಡುವುದು ನನ್ನ ಅಭ್ಯಾಸ. ಖಂಬಾಟಕಿ ಘಾಟ್ ಇಳಿಯುವಾಗ, ಅಂಬೋಲಿಯ ತಿರುವುಗಳಲ್ಲಿ, ಮಂಚದ ತೂಕವೆಲ್ಲ ಅಕ್ಕಪಕ್ಕ ತುಯ್ಯುತ್ತದೆ. ಬೆಲ್ಟು ಮೇಲಕ್ಕೆ ಎಳೆದು ಹಿಡಿಯುತ್ತದೆಯೇ ಹೊರತು ಪಕ್ಕಕ್ಕೆ ಹಿಡಿಯುವುದಿಲ್ಲ, ಪಕ್ಕಕ್ಕೆ ಹಿಡಿಯಬೇಕಾದದ್ದು ಲಾಕು ಮತ್ತು ಹಳಿ. ಕಿರ್ ಕಿರ್ ಸದ್ದಿಗೆ ಚೌಕಟ್ಟು ತಾಗುವ ಕಡೆ ಫೆಲ್ಟ್ ಪಟ್ಟಿ ಅಂಟಿಸಿದರೆ ಸಾಕು.

ಇನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್. ಬ್ಯಾಟರಿ ಸತ್ತಾಗ ಮಂಚ ಏರಿಸಲು ಇರುವುದು ಅದೊಂದೇ. ಬಹಳ ಜನ ಅದನ್ನು ಹಿಂದಿನ ಸೀಟಿನ ಕೆಳಗಿನ ಡಬ್ಬಿಯಲ್ಲಿ ಇಡುತ್ತಾರೆ. ಮಂಚ ಕೆಳಗೆ ನಿಂತುಬಿಟ್ಟರೆ ಆ ಡಬ್ಬಿಯ ಮುಚ್ಚಳ ತೆರೆಯುವುದಿಲ್ಲ! ಹಿಂಬಾಗಿಲ ಒಳಬದಿಗೆ ಸಿಕ್ಕಿಸಿಡಿ. ಡ್ರಿಲ್ಲಿಗೆ ಸಾಕೆಟ್ ಹಾಕಿಯೂ ತಿರುಗಿಸಬಹುದು, ಬೇಗ ಆಗುತ್ತದೆ. ಸ್ಪೀಡ್ ಕಡಿಮೆ ಇಡಿ, ಯಾಕೆಂದರೆ ಹೀಗೆ ಏರಿಸುವಾಗ ಮೇಲಿನ ಸ್ವಿಚ್ ಏನನ್ನೂ ನಿಲ್ಲಿಸುವುದಿಲ್ಲ, ಕೊನೆಯ ಎರಡು ಇಂಚು ಡ್ರಿಲ್ ತೆಗೆದು ಕೈಯಲ್ಲೇ ತಿರುಗಿಸಿ.